ಎರಡು ಪೊಟ್ಟಣಗಳು



1990ರ ಸುಮಾರಿನಲ್ಲಿ ನಾನು ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಉಪಾಧ್ಯಾಯನಾಗಿದ್ದೆನು. ಸುತ್ತಲೂ ಕಾಫಿಯ ತೋಟಗಳಿದ್ದವು; ಶನಿವಾರದ ದಿನ ತೋಟಗಳಲ್ಲಿ ಬಟವಾಡೆಯಾಗುತ್ತಿದ್ದುದರಿಂದ, ವಾರದ ಉಳಿದ ದಿನಗಳಲ್ಲಿ ಬಿಕೋ ಎನ್ನುತ್ತಿದ್ದ ಆ ಊರಿನ ಒಂದೇ ಬೀದಿಯು ಅಂದಿನ ಸಂಜೆ ಮಾತ್ರ ಜನಸಂದಣಿಯಿಂದ ತುಂಬಿ, ದೀಪ ಹಚ್ಚಿ ಎರಡು ಗಳಿಗೆಯಾದರೂ ಕರಗುತ್ತಿರಲಿಲ್ಲ. ಬೀದಿಯ ಒಂದು ಮಗ್ಗುಲಿಗೆ ಶೆಟ್ಟರ ದಿನಸಿ ಅಂಗಡಿ. ಅದಕ್ಕೆ ಎದುರಾಗಿ ಸರ್ಕಾರದ ಹರಾಜಿನಲ್ಲಿ ಗುತ್ತಿಗೆ ಹಿಡಿದವರ ಸಾರಾಯಿ ಅಂಗಡಿ. ಶೆಟ್ಟರ ಜಗಲಿಯ ಮೇಲೆ ಕಲ್ಲುಪ್ಪಿನ ಗೋಣಿಚೀಲವು ಬಾಯಿ ತೆರೆದುಕೊಂಡು ಹಗಲಿರುಳೂ ಅಲ್ಲಿಯೇ ಕುಳಿತಿರುತ್ತಿತ್ತು. ಉಪ್ಪನ್ನು ಕದಿಯುವವರು ಲೋಕದಲ್ಲಿ ಇಲ್ಲವೆಂಬ ನಂಬಿಕೆಯಿಂದ ಅದನ್ನು ಒಳಗಿಡುವ ಪದ್ಧತಿಯೇ ಇರಲಿಲ್ಲ. ಒಳಗೆ ಗಲ್ಲಾಪೆಟ್ಟಿಗೆಯ ಹಿಂದಿನ ಮರದ ಹಲಗೆಯ ಮೇಲೆ ಅಯೋಡೀನ್ ಬೆರೆತ ಪುಡಿಯುಪ್ಪಿನ ನಾಲ್ಕೈದು ಪೊಟ್ಟಣಗಳಿದ್ದವು. ಅವುಗಳನ್ನು ಕೊಳ್ಳುತ್ತಿದ್ದವರು ತೋಟದ ರೈಟರು, ಅಂಚೆಮಾಸ್ತರು, ನನ್ನಂಥ ಇನ್ನೊಬ್ಬಿಬ್ಬರು.

ಅಂಥ ಒಂದು ಸಂಜೆ ನಾನು ಅಲ್ಲಿ ನಿಂತಿದ್ದಾಗ ತೋಟದ ಕೆಲಸದ ಹೆಂಗಸೊಬ್ಬಳು ಬಂದು, “ಶೆಟ್ರೇ, ಒಂದು ಕೆ.ಜಿ. ಉಪ್ಪು ಹಾಕಿ” ಎಂದಳು. ಶೆಟ್ಟರು ಜಗಲಿಯ ಚೀಲಕ್ಕೆ ಕೈಹಾಕಿ ತೂಗಿ ಕೊಟ್ಟರು. ಆಕೆಯ ಕೊರಳಿನ ಮುಂಭಾಗದಲ್ಲಿ ನಿಂಬೆಯ ಗಾತ್ರದ ಒಂದು ಊತವಿದ್ದಿತು; ಅದನ್ನು ಆಕೆ ಸೆರಗಿನಿಂದ ಮರೆಮಾಡಿಕೊಳ್ಳುವ ಅಭ್ಯಾಸವನ್ನೂ ಬಿಟ್ಟಂತೆ ತೋರಿತು, ಏತಕ್ಕೆಂದರೆ ಆ ಕೇರಿಯಲ್ಲಿ ಅಂಥ ಕೊರಳು ವಿಶೇಷವೇನೂ ಆಗಿರಲಿಲ್ಲ. ಆಕೆಯ ಸೀರೆಯ ಅಂಚು ಹಿಡಿದು ನಿಂತಿದ್ದ ಹುಡುಗನು ನನ್ನ ಶಾಲೆಯವನೇ. ಒಂದನೆಯ ತರಗತಿಯಲ್ಲಿ ಮೂರನೆಯ ವರ್ಷ ಕುಳಿತಿದ್ದವನು. ಆ ಹೊತ್ತಿಗೆ ಅವನ ತಂದೆಯು ಎದುರು ಅಂಗಡಿಯಿಂದ ನಾಲ್ಕು ಕೊಟ್ಟೆ ಸಾರಾಯಿಯನ್ನು ಅಂಗಿಯ ಜೇಬಿನಲ್ಲಿ ತುರುಕಿಕೊಂಡು ಹೊರಬಂದನು. ಮೂವರೂ ಒಬ್ಬರ ಹಿಂದೊಬ್ಬರಾಗಿ ತೋಟದ ಲೈನಿನ ಕಡೆಗೆ ಕತ್ತಲಲ್ಲಿ ನಡೆದುಹೋದರು.

ಅರ್ಥಶಾಸ್ತ್ರದ ಮೊದಲ ಪಾಠವನ್ನು ಓದಿದವನು ಆ ಸಂಜೆಯ ಎರಡು ವ್ಯಾಪಾರಗಳಲ್ಲಿಯೂ ಆಕ್ಷೇಪಿಸತಕ್ಕದ್ದೇನನ್ನೂ ಕಾಣಲಾರನು. ಕೊಂಡವರು ತಮ್ಮ ಇಚ್ಛೆಯಿಂದ ಕೊಂಡರು, ಮಾರಿದವರು ತಮ್ಮ ಇಚ್ಛೆಯಿಂದ ಮಾರಿದರು. ತೂಕದಲ್ಲಿ ಮೋಸವಿಲ್ಲ, ಬೆಲೆಯಲ್ಲಿ ಬಲಾತ್ಕಾರವಿಲ್ಲ. ತನಗೇನು ಬೇಕೆಂಬುದನ್ನು ತಾನೇ ಬಲ್ಲ ಗ್ರಾಹಕನು ಸಾರ್ವಭೌಮನು, ಅವನು ಚೆಲ್ಲುವ ಕಾಸಿನ ದಾರಿಯನ್ನು ಹಿಡಿದು ಸರಕುಗಳು ತಾವಾಗಿಯೇ ಹುಟ್ಟಿಬರುತ್ತವೆ ಎಂಬ ತತ್ತ್ವವು ಅನೇಕ ವಿಷಯಗಳಲ್ಲಿ ಸತ್ಯವಾಗಿದೆ. ಅಕ್ಕಿ, ಬೆಲ್ಲ, ಬಟ್ಟೆ, ಕೊಡೆಗಳ ವಿಚಾರದಲ್ಲಿ ಆ ಬೀದಿಯ ವ್ಯಾಪಾರವು ಯಾವ ಅಧಿಕಾರಿಯೂ ಮಾಡಲಾರದಷ್ಟು ಚೊಕ್ಕವಾಗಿ ಜನರ ಅಗತ್ಯಗಳನ್ನು ತಿಳಿದು ನಡೆಯುತ್ತಿದ್ದಿತು. ಹಾಗಾದರೆ ಅದೇ ಬೀದಿಯಲ್ಲಿ, ಅದೇ ದುಡ್ಡಿನಿಂದ, ಬೇಕಾದ ಉಪ್ಪಿನ ಪೊಟ್ಟಣವು ಹಲಗೆಯ ಮೇಲೆಯೇ ಉಳಿದು, ಬೇಡವಾದ ಸಾರಾಯಿಯ ಪೊಟ್ಟಣವು ಮನೆಯನ್ನು ಸೇರಿದುದು ಏಕೆ?

ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಒಂದು ಹೆಸರನ್ನು ಕೊಟ್ಟವನು ರಿಚರ್ಡ್ ಮಸ್‌ಗ್ರೇವ್ ಎಂಬ ಪಂಡಿತನು. 1910ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈತನು, 1957ರ ಒಂದು ಲೇಖನದಲ್ಲಿಯೂ, 1959ರಲ್ಲಿ ಸಾರ್ವಜನಿಕ ಹಣಕಾಸಿನ ಸಿದ್ಧಾಂತವನ್ನು ಕುರಿತು ಹೊರತಂದ ಮಹಾಗ್ರಂಥದಲ್ಲಿಯೂ, ಕೆಲವು ಸರಕುಗಳು ಎಷ್ಟು ಶ್ಲಾಘ್ಯವೆಂದರೆ ಜನರು ತಾವಾಗಿ ಕೊಳ್ಳುವ ಪ್ರಮಾಣವು ಸಾಲದೆಂದು ಸಮಾಜವೇ ಅವುಗಳನ್ನು ಒದಗಿಸಬೇಕಾಗುತ್ತದೆ ಎಂದು ತೋರಿಸಿದನು. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ, ಬಡವರಿಗೆ ಅಗ್ಗದ ಮನೆ, ಶುಲ್ಕವಿಲ್ಲದ ಶಿಕ್ಷಣ, ಇವು ಅವನು ಕೊಟ್ಟ ನಿದರ್ಶನಗಳು. ಇದಕ್ಕೆ ವಿಪರ್ಯಾಯವಾಗಿ ಮದ್ಯದಂಥ ಸರಕುಗಳನ್ನು ದಂಡರೂಪದ ತೆರಿಗೆಯಿಂದ ತಡೆಯುವುದುಂಟು ಎಂಬುದನ್ನೂ ಸೂಚಿಸಿದನು. ನಮ್ಮ ಪಠ್ಯಪುಸ್ತಕಗಳು ಇವುಗಳನ್ನು ಅರ್ಹ ಸರಕು, ಅನರ್ಹ ಸರಕು ಎಂದು ಕರೆಯುತ್ತವೆ. ನನಗಾದರೋ ಇಲ್ಲಿ ಕಠೋಪನಿಷತ್ತಿನ ಎರಡು ಮಾತುಗಳು ನೆನಪಿಗೆ ಬರುತ್ತವೆ: ಶ್ರೇಯಸ್ಸು ಮತ್ತು ಪ್ರೇಯಸ್ಸು. ಒಳಿತಾದುದು ಬೇರೆ, ಹಿತವೆನಿಸುವುದು ಬೇರೆ. ಎರಡೂ ಮನುಷ್ಯನೆದುರು ಒಟ್ಟಿಗೇ ಬಂದು ನಿಲ್ಲುತ್ತವೆ. ಮಾರುಕಟ್ಟೆಯು ಪ್ರೇಯಸ್ಸಿನ ತಕ್ಕಡಿಯನ್ನು ಬಹು ಸೂಕ್ಷ್ಮವಾಗಿ ಹಿಡಿಯುತ್ತದೆ. ಶ್ರೇಯಸ್ಸನ್ನು ತೂಗುವ ಬಟ್ಟು ಅದರ ಬಳಿಯಲ್ಲಿ ಇಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದಿದೆ. ಬಾನುಲಿಯಲ್ಲಿ ಆಡಿದ ಮಾತನ್ನು ಒಂದು ಮನೆಯಲ್ಲಿ ಕೇಳಿದರೆ ಇನ್ನೊಂದು ಮನೆಗೆ ಅದು ಕಡಮೆಯಾಗುವುದಿಲ್ಲ. ಕೇಳಬೇಡವೆಂದು ಯಾರನ್ನೂ ಹೊರಗಿಡಲೂ ಆಗದು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿ, ಮುಂದೆ ದೇಶಕ್ಕೆಲ್ಲ ಹಬ್ಬಿದ ‘ಆಕಾಶವಾಣಿ’ ಎಂಬ ಹೆಸರು ಅಲ್ಲಿ ಮೊಳೆತಾಗ, ಅದನ್ನು ಲಾಭದ ವ್ಯಾಪಾರವೆಂದು ಅವರು ಎಣಿಸಿರಲಾರರು. ಇಂಥವು ಸಾರ್ವಜನಿಕ ಸರಕುಗಳು. ಇವುಗಳಿಗೆ ಬೆಲೆ ಕಟ್ಟಿ ವಸೂಲು ಮಾಡುವುದೇ ದುಸ್ಸಾಧ್ಯವಾದುದರಿಂದ ಮಾರುಕಟ್ಟೆ ಇವುಗಳನ್ನು ತಕ್ಕಷ್ಟು ಒದಗಿಸಲಾರದು. ಉಪ್ಪಿನ ಪೊಟ್ಟಣವು ಹಾಗಲ್ಲ. ನಾನು ಉಂಡ ಉಪ್ಪನ್ನು ನೀವು ಉಣ್ಣಲಾರಿರಿ. ಕಾಸು ಕೊಡದವನಿಗೆ ಶೆಟ್ಟರು ಅದನ್ನು ಕೊಡದಿರಬಹುದು. ಮಾರುವುದಕ್ಕೆ ಅಡ್ಡಿಯೇನೂ ಇಲ್ಲ. ಮಾರಾಟಕ್ಕೆ ಇದ್ದೇ ಇದೆ. ಆದರೂ ಯಾರಿಗೆ ಅತ್ಯಗತ್ಯವೋ ಅವರ ಕೈಗೆ ಅದು ಹೋಗುವುದಿಲ್ಲ.

ಅಯೋಡೀನಿನ ಲೆಕ್ಕವನ್ನು ನೋಡಿ. ಬೆಳೆದ ಮನುಷ್ಯನಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಎಪ್ಪತ್ತು ವರ್ಷ ಬಾಳುವವನಿಗೆ ಆಯುಷ್ಯಕ್ಕೆಲ್ಲ ಸೇರಿ ನಾಲ್ಕು ಗ್ರಾಂ ಸಹ ಬೇಕಾಗದು, ಒಂದು ಚಹದ ಚಮಚೆಯಲ್ಲಿ ಅದು ಅಡಗಿಹೋದೀತು. ಸಾವಿರಾರು ವರ್ಷಗಳಿಂದ ಮಳೆಯು ಬೆಟ್ಟಗಳ ಮಣ್ಣನ್ನು ತೊಳೆಯುತ್ತ ಬಂದುದರಿಂದ, ಹಿಮಾಲಯದ ತಪ್ಪಲಿನಲ್ಲಿ ಹೇಗೋ ಹಾಗೆಯೇ ನಮ್ಮ ಕೊಡಗು ಚಿಕ್ಕಮಗಳೂರುಗಳ ಕಡೆಯಲ್ಲಿಯೂ ನೆಲದಲ್ಲಿ ಈ ಅಂಶವು ಕಡಮೆ. ನೆಲದಲ್ಲಿ ಇಲ್ಲದುದು ಬೆಳೆಯಲ್ಲಿ ಇಲ್ಲ, ನೀರಿನಲ್ಲಿ ಇಲ್ಲ. ಕೊರಳಿನ ಊತವಾದ ಗಳಗಂಡವು ಈ ಕೊರತೆಯ ಕಣ್ಣಿಗೆ ಕಾಣುವ ಕುರುಹು ಮಾತ್ರ. ಕಾಣದ ಹಾನಿಯು ಅದಕ್ಕಿಂತ ದಾರುಣವಾದುದು: ಬಸುರಿಯಲ್ಲಿ ಈ ಅಂಶದ ತೀವ್ರ ಕೊರತೆಯಾದರೆ ಹುಟ್ಟುವ ಶಿಶುವಿನ ಮಿದುಳು ತಕ್ಕಷ್ಟು ಬೆಳೆಯುವುದಿಲ್ಲ, ಕೆಲವೆಡೆ ಕಿವುಡು ಮೂಕತನಗಳೂ ಬರುತ್ತವೆ, ಒಮ್ಮೆ ಹೀಗಾದುದನ್ನು ಮುಂದೆ ಎಷ್ಟು ಉಪ್ಪು ತಿನ್ನಿಸಿದರೂ ಸರಿಪಡಿಸಲಾಗದು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಹಿಮಾಚಲದ ಕಾಂಗ್ರಾ ಕಣಿವೆಯನ್ನು ವಿಭಾಗಗಳಾಗಿ ವಿಂಗಡಿಸಿ, ಕೆಲವು ಕಡೆಗೆ ಅಯೋಡೀನ್ ಬೆರೆತ ಉಪ್ಪನ್ನೂ ಒಂದು ಕಡೆಗೆ ಬರಿಯ ಉಪ್ಪನ್ನೂ ಕಳುಹಿಸಿ, ಕೆಲವು ವರ್ಷಗಳ ಮೇಲೆ ಮಕ್ಕಳ ಕೊರಳುಗಳನ್ನು ಮುಟ್ಟಿ ನೋಡಿದರು; ಬೆರೆತ ಉಪ್ಪು ಹೋದ ಕಡೆಯಲ್ಲೆಲ್ಲ ಗಳಗಂಡವು ಇಳಿದಿದ್ದಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ಸ್ವಿಟ್ಸರ್ಲೆಂಡಿನ ಬೆಟ್ಟದ ಜನರಿಗೆ ಇಂಥ ಉಪ್ಪು ದೊರೆತುದು 1922ರಲ್ಲಿ.

ಈಗ ಆ ಹೆಂಗಸಿನ ಸ್ಥಾನದಲ್ಲಿ ನಿಂತು ಯೋಚಿಸೋಣ. ಪೊಟ್ಟಣದ ಉಪ್ಪಿಗೆ ಬೆಲೆ ಹೆಚ್ಚು. ನಾಲಗೆಗೆ ಎರಡೂ ಒಂದೇ ಉಪ್ಪು. ಉಪ್ಪಿನಕಾಯಿ ಹಾಕುವುದಕ್ಕಂತೂ ಕಲ್ಲುಪ್ಪೇ ಸರಿ ಎಂಬುದು ಎಲ್ಲ ಮನೆಗಳ ಅನುಭವ. ಇಂದು ತಿಂದರೆ ನಾಳೆ ಮೈಗೆ ತಿಳಿಯುವ ಗುಣವಾಗಲಿ, ಬಿಟ್ಟರೆ ತಿಳಿಯುವ ಹಸಿವಾಗಲಿ ಅದರಲ್ಲಿಲ್ಲ. ಹೊಟ್ಟೆಯ ಹಸಿವು ಕೂಗಿ ಹೇಳುತ್ತದೆ, ಈ ಹಸಿವಿಗೆ ಬಾಯಿಯೇ ಇಲ್ಲ. ಫಲವನ್ನು ಉಣ್ಣುವವನು ಇನ್ನೂ ಹುಟ್ಟಿಲ್ಲದ ಮಗು. ಆ ಮಗುವು ಅಂಗಡಿಗೆ ಬಂದು ಬೇಡಿಕೆ ಸಲ್ಲಿಸಲಾರದು. ಅಜ್ಞಾನವನ್ನು ಆಕೆಯ ದೋಷವೆಂದು ಎಣಿಸುವವರು, ಆಕೆಗೆ ತಿಳಿಸತಕ್ಕವರು ಯಾರಾಗಿದ್ದರೆಂಬುದನ್ನೂ ಎಣಿಸಬೇಕು. ಆ ಹುಡುಗನು ಒಂದನೆಯ ತರಗತಿಯಲ್ಲಿ ಮೂರು ವರ್ಷ ಕುಳಿತಾಗ, ಅವನಿಗೆ ಶ್ರದ್ಧೆಯಿಲ್ಲವೆಂದು ಗದರಿದವನು ನಾನು. ಕರೆದಾಗ ಓಗೊಡದಿದ್ದುದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದವನೂ ನಾನೇ. ಅದೆಲ್ಲವೂ ಉಪ್ಪಿನ ಕೊರತೆಯಿಂದಲೇ ಆಯಿತೆಂದು ಹೇಳಲು ನಾನು ವೈದ್ಯನಲ್ಲ. ಆದರೆ ಹಾಗಿರಬಹುದೆಂಬ ಶಂಕೆಯೂ ನನಗೆ ಅಂದು ಬರಲಿಲ್ಲ. ನಾನು ಓದಿದವನೆಂದೇ ಪೊಟ್ಟಣದ ಉಪ್ಪನ್ನು ಕೊಳ್ಳುತ್ತಿದ್ದೆನಷ್ಟೆ, ಅದನ್ನು ಏತಕ್ಕೆ ಕೊಳ್ಳಬೇಕೆಂದು ಕೇರಿಗೆ ಹೋಗಿ ಹೇಳಿದವನಲ್ಲ.

ಹಾಗಾದರೆ ಬರಿಯ ಉಪ್ಪಿನ ಮಾರಾಟವನ್ನೇ ನಿಷೇಧಿಸಬಹುದೇ? ನಮ್ಮ ದೇಶದಲ್ಲಿ ಉಪ್ಪಿಗೆ ಸರ್ಕಾರವು ಕೈಹಾಕುವುದೆಂದರೆ ಜನರ ಮನಸ್ಸು ಅಳುಕುವುದಕ್ಕೆ ಕಾರಣವಿದೆ. ಬ್ರಿಟಿಷ್ ಸರ್ಕಾರವು ಉಪ್ಪಿನ ಮೇಲೆ ಹೇರಿದ್ದ ಕರವನ್ನು ಧಿಕ್ಕರಿಸಿ 1930ರ ಏಪ್ರಿಲ್‌ನಲ್ಲಿ ಗಾಂಧೀಜಿ ದಂಡಿಯಲ್ಲಿ ಉಪ್ಪನ್ನೆತ್ತಿದರು; ಅದೇ ತಿಂಗಳಲ್ಲಿ ನಮ್ಮ ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕನ್ನಡಿಗರೂ ಉಪ್ಪು ಮಾಡಿದರು. ಕರವು ರದ್ದಾದುದು 1947ರಲ್ಲಿ. ಅಂಥ ಉಪ್ಪಿಗೆ ಮತ್ತೆ ಕಟ್ಟಳೆಯೇ ಎಂಬ ಆಕ್ಷೇಪವು ಕ್ಷುಲ್ಲಕವಲ್ಲ. ಕೇಂದ್ರ ಸರ್ಕಾರವು 1998ರಲ್ಲಿ ಆಹಾರಕ್ಕಾಗಿ ಬರಿಯ ಉಪ್ಪನ್ನು ಮಾರುವುದನ್ನು ನಿಷೇಧಿಸಿ, 2000ದಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡು, 2006ರಲ್ಲಿ ಮರಳಿ ಜಾರಿಗೆ ತಂದಿತೆಂಬುದರಲ್ಲಿಯೇ ಈ ಡೋಲಾಯಮಾನ ಸ್ಥಿತಿಯು ಕಾಣುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಕಟ್ಟಳೆಯು ನ್ಯಾಯವಾದುದು. ಹಳೆಯ ಕರವು ಬಡವನಿಂದ ಕಿತ್ತುಕೊಂಡು ಬೊಕ್ಕಸಕ್ಕೆ ತುಂಬಿತು; ಈ ಕಟ್ಟಳೆಯು ಕಿತ್ತುಕೊಳ್ಳುವುದು ಅತ್ಯಲ್ಪ, ಕೊಡುವುದು ಒಂದು ಮಗುವಿನ ಬುದ್ಧಿಯ ಬೆಳಕನ್ನು. ಆದರೆ ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಕಡೆಗಳಲ್ಲಿ ತಲೆತಲಾಂತರದಿಂದ ಆಗರಗಳಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಉಪ್ಪು ತೆಗೆಯುವವರಿಗೆ, ಅಯೋಡೀನ್ ಬೆರೆಸುವ ಸಾಧನವನ್ನೂ ಶಿಕ್ಷಣವನ್ನೂ ಒದಗಿಸುವ ಹೊಣೆಯು ಕಟ್ಟಳೆ ಮಾಡಿದವರ ಮೇಲೆಯೇ ಇರತಕ್ಕದ್ದು. ದೊಡ್ಡ ಕಾರ್ಖಾನೆಯ ಚೀಲವನ್ನು ದಡ ಸೇರಿಸುವುದಕ್ಕಾಗಿ ಸಣ್ಣವನ ಆಗರವನ್ನು ಮುಳುಗಿಸುವುದು ಲೋಕಹಿತವಾಗದು.

ಇನ್ನು ಎರಡನೆಯ ಪೊಟ್ಟಣ. ಇಂಗ್ಲೆಂಡಿನ ಪಿಗೂ ಎಂಬ ಅರ್ಥಶಾಸ್ತ್ರಜ್ಞನು 1920ರಷ್ಟು ಹಿಂದೆಯೇ, ಒಬ್ಬನ ವ್ಯವಹಾರದ ವೆಚ್ಚವು ಆ ವ್ಯವಹಾರದಲ್ಲಿ ಸೇರದ ಇನ್ನೊಬ್ಬನ ಮೇಲೆ ಬೀಳುವುದುಂಟೆಂದೂ, ಅಂಥಲ್ಲಿ ಬೆಲೆಯು ಸತ್ಯವನ್ನು ಹೇಳುವುದಿಲ್ಲವೆಂದೂ ವಿವರಿಸಿದ್ದನು. ಕೊಟ್ಟೆ ಸಾರಾಯಿಯ ಬೆಲೆಯಲ್ಲಿ ಆ ರಾತ್ರಿ ಲೈನುಮನೆಯಲ್ಲಿ ಬೀಳುವ ಏಟಿನ ಬೆಲೆಯು ಸೇರಿರಲಿಲ್ಲ. ಭಾನುವಾರ ಮಕ್ಕಳಿಗೆ ತಪ್ಪುವ ಊಟದ ಬೆಲೆಯು ಸೇರಿರಲಿಲ್ಲ. ಕುಡಿಯುವವನ ಸ್ವಂತ ಇಚ್ಛೆಯೆಂಬುದು ಸಹ ಮೊದಲ ಕೆಲವು ದಿನಗಳ ಮಾತು. ಚಟವು ಹತ್ತಿದ ಮೇಲೆ ಶನಿವಾರದ ಸಂಜೆ ಆ ಬೀದಿಯನ್ನು ದಾಟಿಸುವುದು ಅವನ ಇಚ್ಛೆಯಲ್ಲ, ಅವನ ಇಚ್ಛೆಯನ್ನು ನುಂಗಿದ ಬೇರೊಂದು ಶಕ್ತಿ. ಸೋಮವಾರ ಬೆಳಗ್ಗೆ ಅದೇ ಮನುಷ್ಯನು ನನ್ನೆದುರು ನಿಂತು, “ಬಿಡ್ಬೇಕು ಅಂತಾನೇ ಇದೀನಿ ಮೇಷ್ಟ್ರೇ” ಎಂದು ಹೇಳಿದ್ದುಂಟು. ಶನಿವಾರದವನು, ಸೋಮವಾರದವನು, ಇಬ್ಬರಲ್ಲಿ ಯಾರನ್ನು ಸಾರ್ವಭೌಮನೆಂದು ಎಣಿಸೋಣ?

ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದ ಹೆಂಗಸರ ಕಣ್ಣೀರನ್ನು ಬಲ್ಲ ನಾನು ಆ ದಿನ ಹರ್ಷಪಟ್ಟೆನು. ಆದರೆ ಮರುವರ್ಷದ ಮೇ ತಿಂಗಳಲ್ಲಿ ಕಳ್ಳಭಟ್ಟಿಯ ವಿಷಮದ್ಯವನ್ನು ಕುಡಿದು ನಮ್ಮ ರಾಜ್ಯದಲ್ಲಿಯೂ ತಮಿಳುನಾಡಿನ ಗಡಿಯಲ್ಲಿಯೂ ನೂರಕ್ಕೂ ಹೆಚ್ಚು ಜನ ಬಡವರು ಸತ್ತರು. ಹಿಂದೆ 1981ರಲ್ಲಿ ಬೆಂಗಳೂರಿನಲ್ಲಿ ಇಂಥದೇ ವಿಷದಿಂದ ಮುನ್ನೂರರಷ್ಟು ಜನ ಸತ್ತಾಗ ಸಾರಾಯಿಯು ಬಹಿರಂಗವಾಗಿಯೇ ಮಾರಾಟವಾಗುತ್ತಿದ್ದಿತೆಂಬುದನ್ನೂ ಮರೆಯಬಾರದು. ಆದಕಾರಣ ವಿಷಮದ್ಯದ ಸಾವುಗಳೆಲ್ಲಕ್ಕೂ ನಿಷೇಧವೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ನಿಷೇಧವು ಅಂಗಡಿಯನ್ನು ಮುಚ್ಚಿಸಬಲ್ಲುದು. ದಾಹವನ್ನು ಮುಚ್ಚಿಸಲು ಬೇರೆ ಚಿಕಿತ್ಸೆಯೇ ಬೇಕು.

ನನ್ನನ್ನು ಹೆಚ್ಚಾಗಿ ಬಾಧಿಸುವ ಸಂಗತಿಯು ಬೇರೆ. ಕುಡುಕನು ಬೆಲೆ ಏರಿತೆಂದು ಸುಲಭವಾಗಿ ಕುಡಿತವನ್ನು ಇಳಿಸುವುದಿಲ್ಲ. ಮನೆಯ ಅಕ್ಕಿಯನ್ನು ಇಳಿಸುತ್ತಾನೆ. ಆದ್ದರಿಂದ ತಡೆಯುವುದಕ್ಕೆಂದು ಹಾಕಿದ ತೆರಿಗೆಯು ತಡೆಯದೆ, ಬೊಕ್ಕಸವನ್ನು ಮಾತ್ರ ತುಂಬುತ್ತದೆ; ತುಂಬಿದ ಬೊಕ್ಕಸಕ್ಕೆ ಆ ತೆರಿಗೆಯೇ ಒಂದು ಚಟವಾಗುತ್ತದೆ. ಸಾರಾಯಿ ಹೋದ ಮೇಲೆ ಕುಡಿತವು ಇತರ ಮದ್ಯಗಳಿಗೆ ತಿರುಗಿತು. ಇಂದು ನಮ್ಮ ರಾಜ್ಯದ ಅಬಕಾರಿ ಆದಾಯವು ವರ್ಷಕ್ಕೆ 30,000 ಕೋಟಿ ರೂಪಾಯಿಗಳನ್ನು ಮೀರಿದೆ. ಆ ಹಣವು ರಾಜ್ಯದ ಸಂಚಿತ ನಿಧಿಯನ್ನು ಸೇರುತ್ತದೆ. ಶಾಲೆಯ ಮಕ್ಕಳಿಗೆ ಅಕ್ಷರ ದಾಸೋಹದ ಅನ್ನವೂ, 2013ರಿಂದ ಕೊಡುತ್ತಿರುವ ಕ್ಷೀರಭಾಗ್ಯದ ಹಾಲೂ ಅದೇ ನಿಧಿಯಿಂದ ಬರುತ್ತವೆ. ತಂದೆಯ ಲೋಟದಿಂದ ಹೊರಟ ಕಾಸೇ ಬೊಕ್ಕಸವನ್ನು ಸುತ್ತಿ ಮಗುವಿನ ಲೋಟಕ್ಕೆ ಹಾಲಾಗಿ ಬರಬೇಕಾದರೆ, ಆ ಮನೆಯು ಒಂದು ಕೈಯಿಂದ ಕಳೆದುಕೊಂಡುದನ್ನೇ ಇನ್ನೊಂದು ಕೈಯಿಂದ ದಾನವೆಂದು ಸ್ವೀಕರಿಸಿದಂತಾಗುವುದಿಲ್ಲವೇ?

ಈ ಸಂಕಟವು ಹೊಸದಲ್ಲ. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದಾಗ, ಮಕ್ಕಳ ಶಿಕ್ಷಣಕ್ಕೆ ಹೆಂಡದ ಆದಾಯವನ್ನೇ ನೆಚ್ಚಬೇಕಾಗಿ ಬಂದುದನ್ನು ಕಂಡು ಗಾಂಧೀಜಿ ಮರುಗಿದರು. ಕಸುಬಿನ ದುಡಿಮೆಯಿಂದ ಶಾಲೆಯು ತನ್ನ ವೆಚ್ಚವನ್ನು ತಾನೇ ಭರಿಸುವ ಮೂಲಶಿಕ್ಷಣದ ಕಲ್ಪನೆಯ ಹಿಂದೆ ಈ ಮರುಕವೂ ಇದ್ದಿತು. ಮದರಾಸಿನಲ್ಲಿ ರಾಜಾಜಿಯವರು ಅದೇ ವರ್ಷ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ತಂದು, ಅದರಿಂದಾದ ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿ 1939ರಲ್ಲಿ ಮಾರಾಟ ತೆರಿಗೆಯನ್ನು ವಿಧಿಸಿದರು. ಅಂಗಡಿಯಲ್ಲಿ ನಾವು ಬಹುಕಾಲ ತೆತ್ತ ಆ ತೆರಿಗೆಯು ಹೆಂಡದ ಹಣವಿಲ್ಲದೆ ರಾಜ್ಯ ನಡೆಸಬೇಕೆಂಬ ಛಲದಿಂದ ಹುಟ್ಟಿದುದೆಂದು ಎಷ್ಟು ಜನರು ಬಲ್ಲರು! ಮುಂದೆ ಆ ತೆರಿಗೆಯೂ ಉಳಿಯಿತು, ಹೆಂಡದ ಆದಾಯವೂ ಮರಳಿ ಬಂದಿತು. ನಮ್ಮ ಸಂವಿಧಾನದ 47ನೆಯ ವಿಧಿಯು, ಜನರ ಪೌಷ್ಟಿಕತೆಯನ್ನು ಹೆಚ್ಚಿಸುವುದನ್ನೂ ಮಾದಕ ಪಾನೀಯಗಳನ್ನು ನಿಷೇಧಿಸಲು ಯತ್ನಿಸುವುದನ್ನೂ ಒಂದೇ ಉಸಿರಿನಲ್ಲಿ ರಾಜ್ಯದ ಕರ್ತವ್ಯವೆಂದು ಹೇಳಿದೆ. ಉಪ್ಪಿನ ಪೊಟ್ಟಣವೂ ಸಾರಾಯಿಯ ಪೊಟ್ಟಣವೂ ಅಲ್ಲಿ ಅಕ್ಕಪಕ್ಕದಲ್ಲಿಯೇ ಇವೆ.

ಇಷ್ಟಾದ ಮೇಲೂ ಒಂದು ಪ್ರಶ್ನೆಯು ಉಳಿಯುತ್ತದೆ: ಇನ್ನೊಬ್ಬರಿಗೆ ಯಾವುದು ಶ್ರೇಯಸ್ಸೆಂದು ನಿರ್ಣಯಿಸಲು ನಾವು ಯಾರು? ಗದ್ದುಗೆಯ ಮೇಲೆ ಕುಳಿತವರೆಲ್ಲರೂ ಪ್ರಜೆಗಳನ್ನು ಮಕ್ಕಳೆಂದೇ ಭಾವಿಸಿದರೆ, ಇಂದು ಉಪ್ಪನ್ನು ನಿರ್ಣಯಿಸಿದವರು ನಾಳೆ ಓದತಕ್ಕ ಪುಸ್ತಕವನ್ನೂ ಉಡತಕ್ಕ ಬಟ್ಟೆಯನ್ನೂ ನಿರ್ಣಯಿಸುವರು. ಈ ಭಯವನ್ನು ನಾನು ಹಗುರಾಗಿ ಕಾಣುವವನಲ್ಲ. ಇದಕ್ಕೆ ಸಮಾಧಾನವನ್ನು ನಾನು ಕಂಡುದು ಪುಸ್ತಕಗಳಲ್ಲಿ ಅಲ್ಲ, ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಕಥೆಯಲ್ಲಿ. 1990ರ ಆಚೀಚೆಗೆ ಆ ಜಿಲ್ಲೆಯಲ್ಲಿ ಸಾಕ್ಷರತೆಯ ಆಂದೋಲನವು ನಡೆದು, ಕೂಲಿಯ ಹೆಂಗಸರು ದುಡಿಮೆ ಮುಗಿಸಿ ಬಂದು ರಾತ್ರಿ ದೀಪದ ಬೆಳಕಿನಲ್ಲಿ ಅಕ್ಷರ ಕಲಿತರು. ಅವರ ವಾಚಕದಲ್ಲಿ ಸಾರಾಯಿ ಅಂಗಡಿಯನ್ನು ಊರಿನಿಂದ ಹೊರಹಾಕಿದ ಹೆಂಗಸರ ಕಥೆಯೊಂದಿದ್ದಿತು. ಓದಿದ ಹೆಂಗಸರು ನಮ್ಮೂರಿನಲ್ಲಿಯೂ ಹೀಗೇಕೆ ಆಗಬಾರದೆಂದು ಎದ್ದರು. ರೋಸಮ್ಮ ಎಂಬಾಕೆಯ ಮುಂದಾಳತ್ವದಲ್ಲಿ ಅಂಗಡಿಯನ್ನು ಮುಚ್ಚಿಸಿದರು. ಕಿಡಿಯು ಹಳ್ಳಿಯಿಂದ ಹಳ್ಳಿಗೆ ಹಾರಿ, 1993ರಲ್ಲಿ ಆಂಧ್ರ ಸರ್ಕಾರವು ಸಾರಾಯಿಯನ್ನು ನಿಷೇಧಿಸಬೇಕಾಯಿತು. ಅಲ್ಲಿ ಸರ್ಕಾರವು ಕೊಟ್ಟುದು ಅಕ್ಷರವನ್ನು ಮಾತ್ರ. ಅಹಿತವು ಯಾವುದೆಂಬ ತೀರ್ಪನ್ನು ಕೊಟ್ಟವರು ಅದರ ಏಟನ್ನು ತಿಂದವರೇ. ಕಟ್ಟಳೆಯು ಹೀಗೆ ಕೆಳಗಿನಿಂದ ಬಂದಾಗ ಅದನ್ನು ದಬ್ಬಾಳಿಕೆಯೆಂದು ಯಾರು ಕರೆಯಬಲ್ಲರು? ಮೇಲಿನಿಂದಲೇ ಬರಬೇಕಾದ ಉಪ್ಪಿನಂಥ ಕಟ್ಟಳೆಯಾದರೂ ತನ್ನ ಕಾರಣವನ್ನು ಕೊನೆಯ ಮನೆಯವರೆಗೆ ಹೋಗಿ ಹೇಳಿಬರುವ ಋಣವನ್ನು ಹೊತ್ತಿರುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಆ ಊರಿಗೆ ಹೋಗಿದ್ದೆನು. ಸಾರಾಯಿ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಬಸ್ ನಿಲ್ದಾಣದ ಪಕ್ಕದಲ್ಲಿ ವೈನ್‌ಶಾಪು. ಶೆಟ್ಟರ ಮಗನ ಅಂಗಡಿಯ ಜಗಲಿಯ ಮೇಲೆ ಗೋಣಿಚೀಲವಿಲ್ಲ, ಉಪ್ಪೆಲ್ಲವೂ ಪೊಟ್ಟಣದ್ದೇ. ಆ ಹೆಂಗಸು, ಈಗ ತಲೆ ಪೂರ್ತಿ ನರೆತಿದೆ, ನನ್ನನ್ನು ಗುರುತಿಸಿ ಮಾತನಾಡಿಸಿದಳು. ಹಳೆಯ ವಿದ್ಯಾರ್ಥಿಯ ಕ್ಷೇಮವನ್ನು ಕೇಳಿದೆನು. ತೋಟದಲ್ಲಿ ಮರಗಸಿ ಮಾಡುತ್ತಾನೆ, ಮಾತು ಕಡಮೆ ಎಂದಳು. ಆಕೆಯ ಕೈಯಲ್ಲಿ ಉಪ್ಪಿನ ಪೊಟ್ಟಣವಿದ್ದಿತು. ಅದರ ಮೇಲೆ ಅಯೋಡೀನ್ ಬೆರೆತುದರ ಗುರುತಾದ ನಗುವ ಸೂರ್ಯನ ಚಿತ್ರ. ಅದೇನೆಂದು ಬಲ್ಲೆಯಾ ಎಂದು ಕೇಳಿದೆನು. “ಕಂಪ್ನಿಯವ್ರ ಗುರ್ತು ಅಲ್ವಾ ಮೇಷ್ಟ್ರೇ?” ಎಂದಳು. ಅಲ್ಲವೆಂದು, ಮೂವತ್ತು ವರ್ಷಗಳ ಹಿಂದೆ ಅದೇ ಜಗಲಿಯ ಮೇಲೆ ಹೇಳಬೇಕಾಗಿದ್ದುದನ್ನು ಹೇಳಿದೆನು: ಕೊರಳಿನ ಊತದ ವಿಷಯ, ಬಸುರಿಯರ ವಿಷಯ, ಬೆಟ್ಟದ ಮಣ್ಣಿನ ವಿಷಯ. ಆಕೆ ಬಹಳ ಹೊತ್ತು ಸುಮ್ಮನೆ ನಿಂತಿದ್ದು, “ಇಷ್ಟ್ ವರ್ಷ ಯಾರೂ ಹೇಳ್ಲೇ ಇಲ್ವಲ್ಲ” ಎಂದಳು. ಬಳಿಕ ಪಕ್ಕದಲ್ಲಿದ್ದ ಮೊಮ್ಮಗನನ್ನು ಹತ್ತಿರ ಕರೆದು, ಪೊಟ್ಟಣವನ್ನು ಅವನ ಕೈಗೆ ಕೊಟ್ಟು, “ಏನ್ ಬರ್ದಿದೆ, ಗಟ್ಟಿಯಾಗಿ ಓದು” ಎಂದಳು. ಹುಡುಗನು ಬೀದಿಗೆಲ್ಲ ಕೇಳುವಂತೆ ಒಂದೊಂದೇ ಅಕ್ಷರವನ್ನು ಕೂಡಿಸಿ ಓದತೊಡಗಿದನು.